ಹೆಸರಿಡದ ಕೂಸಿನ ಬಣ್ಣ

ಮೂಡಿಗೆರೆ
9 ಜೂನ್ 2025, ಸೋಮವಾರ

ನನ್ನ ಮಗಳು ಧನ್ಯಾಳಿಗೆ,

ಅಮ್ಮನ ತುಂಬು ಆಶೀರ್ವಾದ. ನಮ್ಮ ಶರಣನ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾನು ಬರೆಯುವುದಿಲ್ಲ. ಗುರುವಾರ ನಿನ್ನ ಫೋನು ಬಂದಾಗಿನಿಂದ ನಾನು ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದೇನೆ.

ಕೈಯಲ್ಲಿ ಫೋನಿರುವಾಗ ಈ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಕೇಳುತ್ತೀಯ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ ಮಗಳೇ. ಶರಣನನ್ನು ಎತ್ತಿಕೊಂಡರೆ ನಿನಗೆ ಎರಡೂ ಕೈ ಬೇಕು, ಒಪ್ಪಿದೆ. ಆದರೆ ನಾನು ಬಾಯಿ ತೆರೆದ ಕೂಡಲೇ ನಿಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಗುತ್ತದೆ. ನನಗೇನು ಕಿವಿ ಇಲ್ಲವೇ? ನಿಮ್ಮ ಅತ್ತೆ ಕೇಳಿಸಿಕೊಳ್ಳುತ್ತಿರುತ್ತಾರೆ ಎಂದು ನನಗೆ ಗೊತ್ತು. ಕಳಸದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರೆ ಅಳಿಯಂದಿರ ಅಂಗಡಿಗೆ ಮುಟ್ಟಿಸುತ್ತಾನೆ, ಅದೂ ಬೇಡ. ಅದಕ್ಕೇ ರಿಜಿಸ್ಟರ್ ಮಾಡಿಸುತ್ತಿದ್ದೇನೆ. ಪೋಸ್ಟ್‌ಮ್ಯಾನ್ ಬಂದಾಗ ನೀನೇ ಸಹಿ ಹಾಕು. ಬಾಗಿಲು ಹಾಕಿಕೊಂಡು ಓದು. ಕೊನೆಯವರೆಗೂ ಓದು.

ಗುರುವಾರ ನೀನು ಎರಡು ಪ್ರಶ್ನೆ ಕೇಳಿದೆ. ಒಂದು, "ನಿಮ್ ಕಡೆ ಯಾರ ಮನೇಲಾದ್ರೂ ಹುಟ್ಟಿದ ಗಂಡು ಕೂಸಿಗೆ ಹಳದಿ ಜಾಸ್ತಿ ಆಗಿದ್ದುಂಟಾ?" ಇನ್ನೊಂದು, "ಶರಣ ಹುಟ್ಟಿದಾಗ ಅವನ ಬಟ್ಟೆಗೆ ಡಾಂಬರ್ ಗುಳಿಗೆ ಹಾಕಿದ್ಯಾ?" ನಾನು ಎರಡಕ್ಕೂ ಸೇರಿಸಿ ಒಂದೇ ಉಸಿರಿಗೆ ಇಲ್ಲ ಎಂದೆ. ನೀನು, "ಅಷ್ಟು ಬೇಗ ಹೇಳ್ಬಿಟ್ಯಲ್ಲಮ್ಮಾ" ಎಂದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ, ನಿನಗೂ ಅನುಮಾನದ ಮೂಗು ಬಂದಿದೆ.

ಇವು ನಿನ್ನ ಬಾಯಿಯ ಪ್ರಶ್ನೆಗಳಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಡಾಕ್ಟರು ಕೇಳಲು ಹೇಳಿದ್ದು ಎಂದೆ ನೀನು, ನಾನು ನಂಬಲಿಲ್ಲ. ಯಾರು ಹೇಳಿಕೊಟ್ಟರು? ಸರ್ವಮಂಗಳಾನವರೇ? ಮೂರು ವರ್ಷದಿಂದ ನನ್ನ ಬೀಗಿತ್ತಿ ನನ್ನನ್ನು ನೋಡುವ ನೋಟವೇ ಬೇರೆಯಾಗಿದೆ. ಶರಣನ ನಾಮಕರಣದ ದಿನ ಎಲ್ಲರೆದುರು, "ಬಾಣಂತನ ಚೆನ್ನಾಗೇ ಮಾಡಿದ್ರಿ ಬೀಗ್ರೇ" ಎಂದರು. ಕೂಸಿನ ಕತ್ತು ನಿಲ್ಲದೆ ತೋಳಿನ ಮೇಲೆ ಜೋತುಬಿದ್ದಿತ್ತು. ಅಂಥ ಹೊತ್ತಿನಲ್ಲಿ ಆ ಮಾತು ಆಡುವವರನ್ನು ಏನೆನ್ನಬೇಕು? ಈಗ ಎರಡನೆಯದು ಹುಟ್ಟುವ ಮೊದಲೇ ತಪ್ಪನ್ನು ತಾಯಿಮನೆಯ ತಲೆಗೆ ಕಟ್ಟಲು ನಿನ್ನ ಕೈಯಲ್ಲಿ ಕೇಳಿಸುತ್ತಿದ್ದಾರೆ ಎಂದುಕೊಂಡೆ. ನೀನು ನನ್ನ ಮಾತನ್ನು ರೆಕಾರ್ಡ್ ಮಾಡಿಕೊಂಡಿರಬಹುದು ಎಂದೂ ಅನ್ನಿಸಿತು. ಬೇಜಾರು ಮಾಡಿಕೊಳ್ಳಬೇಡ, ಅನ್ನಿಸಿದ್ದು ಹೌದು. ನನ್ನ ಸ್ವಭಾವ ನಿನಗೆ ಗೊತ್ತೇ ಇದೆ. ಸಂತೆಯಲ್ಲಿ ತರಕಾರಿಯವನು ಎರಡು ಬೆಂಡೆಕಾಯಿ ಹೆಚ್ಚಿಗೆ ಹಾಕಿದರೆ, ಇವನು ಯಾಕೆ ಹಾಕಿದ ಎಂದು ಮನೆಗೆ ಬಂದು ಒಂದೊಂದನ್ನೂ ಮುರಿದು ನೋಡುವವಳು ನಾನು.

ಶನಿವಾರ ನೀನು ಮತ್ತೆ ಫೋನು ಮಾಡಿದೆ. ಈ ಸಲ ನಿನ್ನ ದನಿ ಹಗುರವಾಗಿತ್ತು. ನಾನು ಇಲ್ಲ ಎಂದದ್ದನ್ನು ನೀನು ಅಳಿಯಂದಿರಿಗೆ ಹೇಳಿದೆಯಂತೆ. ರುದ್ರೇಶ್ ಅವರು, "ನಿಮ್ಮಮ್ಮನೇ ಇಲ್ಲ ಅಂದ್ಮೇಲೆ ಮುಗೀತು, ಆ ಡಾಕ್ಟರ ಮಾತು ಕೇಳಿ ನನ್ನ ಮಗನಿಗೆ ಇನ್ನೊಂದು ಸೂಜಿ ಚುಚ್ಚೋದು ಬೇಡ" ಎಂದರಂತೆ. ಚಿಕ್ಕಮಗಳೂರಿನ ಹೆರಿಗೆಯೂ ಬೇಡ, ಮೂಡಿಗೆರೆಯಲ್ಲೇ ಆಗಲಿ, ಅಮ್ಮನ ಮನೆಯಲ್ಲೇ ಬಾಣಂತನ ಎಂದು ಇಬ್ಬರೂ ತೀರ್ಮಾನಿಸಿದಿರಂತೆ. ಯುಗಾದಿಯಿಂದ ನಾನು ಇದನ್ನೇ ಬೇಡುತ್ತಿದ್ದವಳು. ಕುಣಿದಾಡಬೇಕಿತ್ತು. ಕುಣಿಯಲಿಲ್ಲ. ಮಳೆ ಜೋರಾಯಿತು, ಏನೂ ಕೇಳಿಸುತ್ತಿಲ್ಲ ಎಂದು ಸುಳ್ಳು ಹೇಳಿ ಫೋನಿಟ್ಟೆ.

ಶರಣ ಹುಟ್ಟಿದ ಚಿಕ್ಕಮಗಳೂರಿನ ಆಸ್ಪತ್ರೆಯ ಡಾಕ್ಟರ್ ಪ್ರೇಮಲತಾ ಹೇಳಿದ್ದನ್ನು ನೀನು ಗುರುವಾರ ನನಗೆ ಬಿಡಿಸಿ ಹೇಳಿದ್ದೆ. ನಾನು ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿರಬೇಕು ನೀನು. ಒಂದಕ್ಷರ ಬಿಟ್ಟಿಲ್ಲ. ಹುಟ್ಟಿದ ಕೂಸಿನ ರಕ್ತದ ಕಣ ಒಡೆದಾಗ ಹಳದಿ ಏರುತ್ತದೆ. ಸ್ವಲ್ಪ ಏರುವುದು ಎಲ್ಲ ಕೂಸಿಗೂ ಉಂಟು. ಮಿತಿ ಮೀರಿದರೆ ಅದು ಮೆದುಳಿಗೆ ಇಳಿದು ಕೂರುತ್ತದೆ, ಕೂತರೆ ಮಾಡಿದ ಗಾಯ ಮಾಯುವುದಿಲ್ಲ. ಕೆಲವು ಗಂಡು ಮಕ್ಕಳ ರಕ್ತದಲ್ಲಿ ಆ ಕಣವನ್ನು ಕಾಯುವ ಅಂಶ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಅದು ತಾಯಿಯ ಕಡೆಯಿಂದ ಬರುತ್ತದೆ. ಅಂಥ ಕೂಸಿಗೆ ಡಾಂಬರ್ ಗುಳಿಗೆಯ ಬಟ್ಟೆ ಹೊದಿಸಿದರೂ ಸಾಕು, ಹಳದಿ ಬೆಂಕಿಯ ಹಾಗೆ ಏರುತ್ತದೆ. ಆದರೆ ಮೊದಲೇ ಗೊತ್ತಿದ್ದರೆ ಹೆದರುವಂಥದ್ದೇನಿಲ್ಲ. ಹುಟ್ಟಿದ ದಿನವೇ ರಕ್ತ ನೋಡಿ, ನೀಲಿ ದೀಪದ ಕೆಳಗೆ ಮಲಗಿಸಿ, ಬೇಕಾದರೆ ರಕ್ತ ಬದಲಿಸಿ, ನಾಲ್ಕಾರು ದಿನ ಕಾಯುತ್ತಾರೆ. ಆ ಕೂಸು ಉಳಿದ ಮಕ್ಕಳ ಹಾಗೇ ಓಡಾಡಿಕೊಂಡು ಬೆಳೆಯುತ್ತದೆ. ಶರಣನಿಗೆ ಆಗ ರಕ್ತ ಬದಲಿಸಿದ್ದರಿಂದ ಆ ದಿನಗಳ ಪರೀಕ್ಷೆಯಲ್ಲಿ ಏನೂ ತಿಳಿಯುತ್ತಿರಲಿಲ್ಲ, ಈಗ ನೋಡಿದರೆ ತಿಳಿಯುತ್ತದೆ ಎಂದಿದ್ದರಂತೆ. ನೀವು ಆ ಪರೀಕ್ಷೆಯನ್ನೇ ಕೈಬಿಟ್ಟಿರಿ, ನನ್ನ ಒಂದು ಇಲ್ಲ ಎಂಬ ಮಾತಿಗೆ.

ನಿನಗೆ ಇನ್ನು ಏಳು ವಾರವಿದೆ. ಅದಕ್ಕೇ ಈ ಕಾಗದ.

ಮೊದಲು ಬಟ್ಟೆಯ ವಿಷಯ. ಹಾಕಿದ್ದೆ. ನೀನೇ ಯೋಚಿಸು, ಬಟ್ಟೆ ಅಂಗಡಿಯ ಮನೆಯಲ್ಲಿ ಬೆಳೆದವಳು ನೀನು. ಮೃಗಶಿರ ಮಳೆ ಹಿಡಿಯುವ ಮೊದಲೇ ನಿಮ್ಮಪ್ಪಾಜಿ ಅಂಗಡಿಯ ಒಂದೊಂದು ಕಟ್ಟಿನ ನಡುವೆಯೂ ಮುಷ್ಟಿ ಮುಷ್ಟಿ ಗುಳಿಗೆ ಸುರಿಸುತ್ತಾರೆ, ಇಲ್ಲದಿದ್ದರೆ ದಸರೆಗೆ ತೆಗೆಯುವಾಗ ಮಾಲೆಲ್ಲ ಹುಳು, ಬೂಸಲು. ಆ ವಾಸನೆಯಿಲ್ಲದ ಬಟ್ಟೆಯನ್ನು ನಾವು ಚೊಕ್ಕ ಬಟ್ಟೆ ಎಂದು ಒಪ್ಪಿದವರೇ ಅಲ್ಲ. ಶರಣನಿಗೆ ಎಂದು ಅಂಗಡಿಯಿಂದ ಒಳ್ಳೆಯ ಫ್ಲಾನೆಲ್ ಆರಿಸಿ ತಂದು, ಎರಡು ತಿಂಗಳು ಟ್ರಂಕಿನಲ್ಲಿ ಗುಳಿಗೆಯ ಜೊತೆ ಇಟ್ಟಿದ್ದೆ. ಆಷಾಢದಲ್ಲಿ ಒಗೆದರೆ ಒಣಗುವುದೆಲ್ಲಿ? ಒಗೆಯದೆ, ಬುಟ್ಟಿ ಕವುಚಿ ಕೆಳಗೆ ಕೆಂಡವಿಟ್ಟು, ಅದರ ಮೇಲೆ ಹರಡಿ ಬೆಚ್ಚಗೆ ಮಾಡಿ ಸುತ್ತುತ್ತಿದ್ದೆ. ಕಿಟಕಿ ಮುಚ್ಚಿದ ಕೋಣೆ. ಕೆಂಡದ ಕಾವಿಗೆ ಆ ವಾಸನೆ ಇನ್ನೂ ಎದ್ದು ಕೋಣೆಯೆಲ್ಲ ತುಂಬುತ್ತಿತ್ತು. "ಅಮ್ಮಾ, ತಲೆ ನೋಯ್ತದೆ" ಎಂದು ನೀನು ಹೇಳಿದ್ದೆ. "ಬಾಣಂತಿಗೆ ತಲೆನೋವು ಇದ್ದದ್ದೇ, ಸುಮ್ನಿರು ಮಾರಾಯ್ತಿ" ಎಂದು ನಿನ್ನ ತಲೆಗೆ ಬಟ್ಟೆ ಬಿಗಿದೆ. ಬೇರೆ ಯಾರಾದರೂ ಮೊಮ್ಮಗನಿಗೆ ಹೀಗೆ ಮಾಡಿದ್ದರೆ ನಾನು ಅವರ ಮನೆಯ ಬಾಗಿಲಲ್ಲಿ ನಿಂತು ಶಾಪ ಹಾಕುತ್ತಿದ್ದೆ.

ಇದು ತಿಳಿಯದೆ ಮಾಡಿದ್ದು. ಗುಳಿಗೆಗೆ ಇಂಥ ಗುಣವಿದೆ ಎಂದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಗುರುವಾರ ನಿನ್ನಿಂದ ಕೇಳಿದ್ದೇ ಮೊದಲು. ಈ ಒಂದು ಮಾತನ್ನಾದರೂ ನೀನು ನಂಬಬೇಕು. ಇನ್ನು ಮುಂದೆ ಬರೆಯುವುದು ತಿಳಿದೂ ಮಾಡಿದ್ದು.

ಮೂರನೆಯ ದಿನ ಮನೆಗೆ ಹೊರಟಾಗ, ಎರಡು ದಿನ ಬಿಟ್ಟು ಕೂಸನ್ನು ತಂದು ತೋರಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಐದನೆಯ ದಿನ ನೀನು ಹೊರಡೋಣ ಎಂದೆ. ಈ ಗಾಳಿ ಮಳೆಯಲ್ಲಿ ಹನ್ನೊಂದು ದಿನವೂ ತುಂಬದ ಕೂಸನ್ನು ಯಾರಾದರೂ ಹೊರಗೆ ತೆಗೆಯುತ್ತಾರಾ ಎಂದು ನಾನು ಗದರಿದೆ. ಅದು ನಿನಗೆ ನೆನಪಿದೆ. ನಿನಗೆ ಗೊತ್ತಿಲ್ಲದ್ದು ಇದು: ಆ ದಿನ ಬೆಳಗ್ಗೆ ಎಣ್ಣೆ ಹಚ್ಚಲು ಅವನನ್ನು ಬಚ್ಚಲ ಒಲೆಯ ಹತ್ತಿರ ಒಯ್ದಿದ್ದೆ. ಮೇಲಿನ ಗಾಜಿನ ಹಂಚಿನಿಂದ ಬೆಳಕು ಬಿತ್ತು. ಎದೆ, ಹೊಟ್ಟೆ, ತೊಡೆ, ಅಂಗಾಲು. ಬೆರಳು ಒತ್ತಿ ತೆಗೆದರೆ ಅಲ್ಲಿಯೂ ಹಳದಿ. ನಾನು ಅವನಿಗೆ ಬೇಗಬೇಗ ಬಟ್ಟೆ ಸುತ್ತಿ, ಜೀರೋ ಬಲ್ಬಿನ ಕೋಣೆಗೆ ತಂದು ನಿನ್ನ ಪಕ್ಕದಲ್ಲಿ ಮಲಗಿಸಿದೆ. ಅವನು ಹಾಲಿಗೆ ಬಾಯಿ ಹಾಕಲಿಲ್ಲ. ಕೂಸು ಎಷ್ಟು ಸಾಧು, ಅಳುವುದೇ ಇಲ್ಲ ಎಂದೆ ನಾನು. ಮರುದಿನ ಮಧ್ಯಾಹ್ನ ಅವನು ಆ ಸಣ್ಣ ದನಿಯಲ್ಲಿ ಕಿರುಚುತ್ತ ಬೆನ್ನನ್ನು ಹಿಂದಕ್ಕೆ ಬಗ್ಗಿಸಿದ. ಆಮೇಲೆ ಮತ್ತೆ ಚಿಕ್ಕಮಗಳೂರು, ಅಲ್ಲಿಂದ ಹಾಸನ, ರಕ್ತ ಬದಲಿಸಿದ್ದು. ನೀನು ನೋಡಿದವಳೇ, ನಾನೇನು ಹೇಳಲಿ. ಜೀವ ಉಳಿಯಿತು. ಕತ್ತು, ಕಿವಿ, ನಡಿಗೆ ಹೋಯಿತು.

ನೋಡಿಯೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀಯ. ಆ ಬಣ್ಣವನ್ನು ನಾನು ಮೊದಲೂ ನೋಡಿದ್ದೆ ಧನ್ಯಾ.

ನಿನಗಿಂತ ಮೊದಲು ನನಗೆ ಒಂದು ಗಂಡು ಕೂಸು ಹುಟ್ಟಿತ್ತು. ತೊಂಬತ್ತಮೂರರ ಜುಲೈಯಲ್ಲಿ, ಗೋಣಿಬೀಡಿನ ನನ್ನ ತವರಿನಲ್ಲಿ, ಸೂಲಗಿತ್ತಿಯ ಕೈಯಲ್ಲಿ. ದುಂಡಗಿನ ಕೂಸು, ತಲೆ ತುಂಬ ಕೂದಲು. ಮೂರನೆಯ ದಿನ ಕಣ್ಣು ಹಳದಿಯಾಯಿತು, ಐದನೆಯ ದಿನಕ್ಕೆ ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿತ್ತು. ಶರಣನ ಹಾಗೇ ಹಾಲು ಬಿಟ್ಟ, ಹಾಗೇ ಕಿರುಚಿದ, ಎಂಟನೆಯ ದಿನ ಹೋದ. ನಮ್ಮಲ್ಲಿ ಹೆಸರಿಡದ ಕೂಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಮಾತನ್ನು ಆಮೇಲೆ ಹುಟ್ಟಿದ ಮಕ್ಕಳ ಕಿವಿಗೂ ಹಾಕುವುದಿಲ್ಲ. ಪುರುಡು ಕಳೆಯುವವರೆಗೆ ಗಂಡಸರು ಬಾಣಂತಿ ಕೋಣೆಗೆ ಕಾಲಿಡುವ ಹಾಗಿಲ್ಲ. ನಿಮ್ಮಪ್ಪಾಜಿ ನೋಡಿದ್ದು ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು. ಶೀತವಾಗಿ ಹೋಯಿತು ಎಂದೇ ಅವರು ಇವತ್ತಿಗೂ ತಿಳಿದಿದ್ದಾರೆ.

ಅದನ್ನು ಒಯ್ದ ಮೇಲೆ ನನ್ನ ಅವ್ವ ನನ್ನ ಹಾಸಿಗೆಯ ಪಕ್ಕ ಕುಳಿತು, ಬಾಗಿಲು ನೋಡಿಕೊಂಡು ಹೇಳಿದಳು. "ನಂಗೂ ಒಂದು ಹಿಂಗೇ ಹೋಗಿತ್ತು ಕಣೇ. ನಮ್ಮಮ್ಮಂಗೂ ಹೋಗಿತ್ತಂತೆ. ನಮ್ ಹೊಟ್ಟೇಲಿ ಗಂಡು ಉಳಿಯೋದು ಕಷ್ಟ. ಬಾಯ್ಬಿಟ್ಟೀಯ ಮತ್ತೆ, ಗೊತ್ತಾದ್ರೆ ಆ ಮನೆಯೋರು ಇನ್ನೊಂದು ತರ್ತಾರೆ." ನನಗೆ ಆಗ ಇಪ್ಪತ್ತೊಂದು ವರ್ಷ. ನಾನು ಬಾಯಿ ಬಿಡಲಿಲ್ಲ. ನೀನು ಹುಟ್ಟಿದಾಗ ಹೆಣ್ಣು ಎಂದು ಎಲ್ಲರೂ ಮುಖ ಸಣ್ಣ ಮಾಡಿಕೊಂಡರು. ನಾನೊಬ್ಬಳು ಮುಸುಕಿನೊಳಗೆ ಅತ್ತು ಅತ್ತು ನಕ್ಕೆ. ಇದು ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ನಿನ್ನ ಮೇಲೆ ಇನ್ನೊಂದು ಬೇಡವೆಂದು ನಾನು ಹಟ ಹಿಡಿದದ್ದೂ ಅದಕ್ಕೇ. ನನಗೆ ಸೊಂಟದ ನೋವು ಎಂಬುದೆಲ್ಲ ನೆಪ.

ನಿನ್ನ ಮದುವೆಗೆ ಮೊದಲು ಹೇಳಬೇಕಿತ್ತು. ಕಳಸದಂಥ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಒಳ್ಳೆಯ ಸಂಬಂಧ, ಸರ್ವಮಂಗಳಾನವರು ನಮ್ಮ ಮನೆಯ ಮೂಲೆ ಮೂಲೆ ಕಣ್ಣಲ್ಲೇ ಅಳೆಯುತ್ತಿದ್ದರು. ಹೇಳಿದ್ದರೆ ಎದ್ದು ಹೋಗುತ್ತಿದ್ದರು ಎಂದುಕೊಂಡೆ. ಈಗ ಯೋಚಿಸಿದರೆ ಹೋಗುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಶರಣನನ್ನು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ರಾಗಿ ಅಂಬಲಿಯನ್ನು ಚಮಚ ಚಮಚವಾಗಿ ಒಂದು ಗಂಟೆ ಉಣ್ಣಿಸುವವರು ಅವರೇ ಎಂದು ನೀನೇ ಹೇಳುತ್ತೀಯ. ಅದನ್ನು ಕೇಳಿದಾಗಲೂ ನಾನು, ಯಾರಿಗೆ ತೋರಿಸಲು ಮಾಡುತ್ತಾರೋ ಎಂದೆ. ನಿಮ್ಮಪ್ಪಾಜಿಗೆ ಸಿಟ್ಟು ಬಂದು, "ಕಾಮಾಲೆ ಕಣ್ಣೋರಿಗೆ ಕಂಡದ್ದೆಲ್ಲ ಹಳದಿ" ಎಂದರು. ಗಾದೆಗೆ ಆಡಿದ್ದು, ಪಾಪ. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಯಾಕೆಂದು ಅವರಿಗೆ ಇವತ್ತಿಗೂ ತಿಳಿಯದು.

ಶರಣನಿಗೆ ಹೀಗಾದ ಮೇಲೆ ನಾನು ಅನುಮಾನ ಪಡದ ಮನುಷ್ಯರಿಲ್ಲ. ಮೊದಲ ಹಾಲಿಗಿಂತ ಮುಂಚೆ ಜೇನು ನೆಕ್ಕಿಸಿದ ನರ್ಸಮ್ಮ, ಚುಚ್ಚುಮದ್ದು, ಆಸ್ಪತ್ರೆಯಿಂದ ಬರುವಾಗ ಗುಂಡಿ ರಸ್ತೆಯಲ್ಲಿ ಬಾಡಿಗೆ ಕಾರು ಓಡಿಸಿದ ಮಲ್ಲೇಶ್, ಕೂಸನ್ನು ನೋಡಲು ಬಂದು ಬೆರಗಾಗಿ ಹೊಗಳಿದ ಪಕ್ಕದ ಮನೆಯಾಕೆ. ಎಲ್ಲರಿಗಿಂತ ಹೆಚ್ಚು ಆ ಡಾಕ್ಟರ್ ಪ್ರೇಮಲತಾ. ಮೂರನೆಯ ದಿನವೇ ಮನೆಗೆ ಕಳಿಸಿಬಿಟ್ಟರಲ್ಲ, ಹಾಸಿಗೆ ಖಾಲಿ ಮಾಡಿಸುವ ಅವಸರ ಏನಿತ್ತೋ ಎಂದು ನಾನು ನಿನ್ನ ಮುಂದೆ, ಅಳಿಯಂದಿರ ಮುಂದೆ ನೂರು ಸಲ ಅಂದಿದ್ದೇನೆ. ರುದ್ರೇಶ್ ಅವರಿಗೆ ಆಕೆಯ ಹೆಸರೆತ್ತಿದರೆ ಆಗದು ಎಂದರೆ ಅದಕ್ಕೆ ಒಲೆ ಹಚ್ಚಿದವಳು ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲನ್ನೂ ಮುಟ್ಟಿಕೊಳ್ಳದೆ ಊರನ್ನೇ ಕಳ್ಳರೆಂದೆ.

ಈಗ ಕೇಳು. ನಿನ್ನ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ. ಗಂಡೇ ಎಂದು ತಿಳಿದು ಸಿದ್ಧವಾಗು. ಹೆಣ್ಣಾದರೂ ರಕ್ತ ನೋಡಿಸು. ಬಾಣಂತನಕ್ಕೆ ನನ್ನ ಮನೆಗೆ ಬರಬೇಡ. ಹೀಗೆ ಬರೆಯುವಾಗ ನನಗೆ ಎಷ್ಟು ಸಂಕಟವಾಗುತ್ತಿದೆ ಎಂದರೆ ಪೆನ್ನು ಎರಡು ಸಲ ಕೆಳಗಿಟ್ಟೆ. ಆದರೂ ಬರಬೇಡ. ಈ ಮನೆಯ ಗೋಡೆಗೂ ಆ ವಾಸನೆ ಹತ್ತಿದೆ. ಚಿಕ್ಕಮಗಳೂರಿಗೇ ಹೋಗು. ನಾಳೆಯೇ ಶರಣನ ರಕ್ತ ಕೊಟ್ಟು ಬಾ. ನಾನು ಬರೆದದ್ದನ್ನೆಲ್ಲ ಡಾಕ್ಟರಿಗೆ ಓದಿ ಹೇಳು: ನನ್ನ ಕೂಸು, ನನ್ನ ಅವ್ವನ ಕೂಸು, ಅವಳ ಅವ್ವನ ಕೂಸು. ಅವರು ಬಿಡುವವರೆಗೆ ಆಸ್ಪತ್ರೆ ಬಿಡಬೇಡ. ಕಳಸದ ಮನೆಗೆ ಹೋದ ಮೇಲೂ ಕಿಟಕಿ ತೆಗೆದಿಡು, ಹಗಲು ಬೆಳಕಿನಲ್ಲಿ ಕೂಸಿನ ಬಟ್ಟೆ ಬಿಚ್ಚಿ ಅಂಗಾಲಿನವರೆಗೆ ನೋಡು. ಹಾಲು ಬಿಟ್ಟು ಮಲಗಿದರೆ, ಸಾಧು ಕೂಸು ಎಂದು ಯಾರಾದರೂ ಅಂದರೆ, ಆ ಕ್ಷಣವೇ ಗಾಡಿ ಹತ್ತು. ಬಟ್ಟೆ ಸರ್ವಮಂಗಳಾನವರು ಹೊಲಿಯಲಿ. ಹೊಸ ಹತ್ತಿ ಬಟ್ಟೆ ತರಿಸಿ, ಒಗೆದು ಒಣಗಿಸಿ. ನಮ್ಮ ಅಂಗಡಿಯದು ಒಂದು ಚೂರೂ ಬೇಡ.

ಓದಿ ಮುಗಿಸಿದ ಮೇಲೆ ನೀನು ನನ್ನನ್ನು ಬೈಯುತ್ತೀಯೋ, ಮಾತು ಬಿಡುತ್ತೀಯೋ, ಅದು ನಿನ್ನಿಷ್ಟ. ನನಗೆ ನಿನ್ನ ಮೇಲೆ ಪ್ರಾಣ ಕಣೇ. ಆದರೆ ಪ್ರೀತಿಯಿತ್ತು ಎಂದು ಹೇಳಿ ತಪ್ಪಿಸಿಕೊಳ್ಳುವುದು ಬೇಡ ಎಂದು ಇಷ್ಟು ಉದ್ದ ಬರೆದೆ. ನಿಮ್ಮಪ್ಪಾಜಿಗೆ ಇಂದು ಊಟವಾದ ಮೇಲೆ ಎಲ್ಲವನ್ನೂ ಹೇಳುತ್ತೇನೆ. ಮೂವತ್ತೆರಡು ವರ್ಷವಾದ ಮೇಲೆ ಅವರು ಏನು ಮಾಡಿಯಾರು ಎಂದು ಲೆಕ್ಕ ಹಾಕುವುದನ್ನೂ ಬಿಟ್ಟಿದ್ದೇನೆ.

ಇಂತು ನಿನ್ನ ಅಮ್ಮ,
ಪ್ರೇಮಕುಮಾರಿ

ತಾ.ಕ.: ಮೇಲಿನದನ್ನು ಬರೆದು ಕವರಿಗೆ ಹಾಕಿ ಅಂಟಿಸಿದ್ದೆ. ಮತ್ತೆ ಕಿತ್ತೆ. ಇಷ್ಟನ್ನೇ ಕಳಿಸಿದ್ದರೆ ರುದ್ರೇಶ್ ಅವರು ಈಗಲೂ ಆ ಡಾಕ್ಟರ ಹತ್ತಿರ ಹೋಗಲು ಒಪ್ಪುವುದಿಲ್ಲ. ಮೂರನೆಯ ದಿನ ಡಾಕ್ಟರ್ ಪ್ರೇಮಲತಾ ನಮ್ಮನ್ನು ಕಳಿಸಲಿಲ್ಲ. ನೀನು ಹೊಲಿಗೆಯ ನೋವಿಗೆ ಮಾತ್ರೆ ತೆಗೆದುಕೊಂಡು ಮಲಗಿದ್ದೆ, ಅಳಿಯಂದಿರು ಕಾರು ತರಲು ಹೋಗಿದ್ದರು. ಆಕೆ ನನ್ನನ್ನು ಕೋಣೆಗೆ ಕರೆದು, ಕೂಸಿಗೆ ಹಳದಿ ಬೇಗ ಏರುತ್ತಿದೆ, ಎರಡು ದಿನ ದೀಪದ ಕೆಳಗೆ ಇಡಬೇಕು ಎಂದರು. ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಎರಡು ಸಲ ಕೇಳಿದರು. ದೀಪದ ಕೆಳಗೆ ಇಟ್ಟರೆ ರಕ್ತ ತೆಗೆಯುತ್ತಾರೆ, ರಕ್ತ ತೆಗೆದರೆ ಎಲ್ಲ ಹೊರಗೆ ಬರುತ್ತದೆ, ನಿನ್ನ ಅತ್ತೆಗೆ ಗೊತ್ತಾಗುತ್ತದೆ ಎಂದು ಹೆದರಿ ಎರಡು ಸಲವೂ ಇಲ್ಲ ಎಂದೆ. ಮನೆಗೆ ಬಿಡಿ ಎಂದು ಜಗಳ ಮಾಡಿದೆ. ಆಕೆ ಒಂದು ಹಾಳೆಯಲ್ಲಿ ಬರೆದು ಓದಿ ಹೇಳಿ ಸಹಿ ಕೇಳಿದರು: ವೈದ್ಯರ ಸಲಹೆಯನ್ನು ಮೀರಿ, ಅಜ್ಜಿಯ ಒತ್ತಾಯದ ಮೇಲೆ ಕಳಿಸಲಾಗಿದೆ, ಕುಟುಂಬದಲ್ಲಿ ಹಿಂದೆ ಯಾರಿಗೂ ಇಲ್ಲ ಎಂದು ಅಜ್ಜಿ ಹೇಳಿದ್ದಾರೆ. ನಿನ್ನ ಕೈಗೆ ಫೈಲು ಕೊಡುವ ಮೊದಲು ಆ ಹಾಳೆಯನ್ನು ನಾನು ತೆಗೆದೆ. ಈ ಕಾಗದದ ಹಿಂದೆ ಪಿನ್ ಮಾಡಿದ್ದೇನೆ. ಅಳಿಯಂದಿರಿಗೆ ತೋರಿಸು. ಕೆಳಗಿನ ಸಹಿ ನನ್ನದೇ.